ಏಣಿಗೆ ಬಂದ ಹೊಸ ಕಂಬಿ

ಮೇಸ್ತ್ರಿ ಸಬಿತ್ ನನ್ನ ಮಂಡಿನೋವು ವಿಚಾರಿಸಿದ ದಿನವೇ ನನಗೆ ಅನುಮಾನ ಶುರುವಾಯಿತು. ಇಷ್ಟು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದಿದ್ದೇವೆ. ನನ್ನ ಗಂಡ ತೀರಿಕೊಂಡಾಗ ಒಮ್ಮೆ ಬಿಟ್ಟರೆ ಅವನು ನನ್ನನ್ನು ಹೇಗಿದ್ದೀರಿ ಎಂದು ಕೇಳಿದವನಲ್ಲ. ಅಂಥವನು ಬೆಳಿಗ್ಗೆ ಏಣಿಯ ಬುಡದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಕುಲ್ಯಾಷ್ ಅಪಾ, ಮಂಡಿ ಹೇಗಿದೆ? ಈ ಏಣಿ ಹತ್ತೋದು ಇಳಿಯೋದು ಕಷ್ಟ ಆಗ್ತಿರಬೇಕಲ್ವಾ?" ಎಂದ. ಹಿರಿಯ ಹೆಂಗಸರನ್ನು ನಮ್ಮಲ್ಲಿ ಅಪಾ ಎನ್ನುತ್ತಾರೆ.

"ನನ್ನ ಮಂಡಿ ನಿನ್ನ ನಾಲಿಗೆಗಿಂತ ಗಟ್ಟಿಯಾಗಿದೆ, ದಾರಿ ಬಿಡು" ಎಂದು ಹತ್ತಿಬಿಟ್ಟೆ. ಹತ್ತಿದ್ದೇನೋ ಸರಿ, ತಲೆಯೊಳಗೆ ಹುಳ ಹೊಕ್ಕಿತ್ತು.

ನಾನು ರೈಲು ಬೋಗಿ ರಿಪೇರಿ ಶೆಡ್ಡಿನಲ್ಲಿ ಕ್ರೇನ್ ನಡೆಸುವವಳು. ನನ್ನ ಕ್ಯಾಬಿನ್ ಸೂರಿನ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ ಹಾಸಿದ ತೊಲೆಯ ಮೇಲೆ ಓಡಾಡುತ್ತದೆ. ಬೋಗಿಯ ಒಡಲನ್ನು ಗಾಲಿಗಳಿಂದ ಎತ್ತಿ ಪಕ್ಕಕ್ಕಿಡುವುದು, ಗಾಲಿಗಳನ್ನು ಲೇತಿಗೆ ಸಾಗಿಸುವುದು, ಸಂಜೆ ಮತ್ತೆ ಕೂರಿಸುವುದು, ಇದೇ ನನ್ನ ಬದುಕು. ಮೇಲಿನಿಂದ ನನಗೆ ಮಾತು ಕೇಳಿಸುವುದಿಲ್ಲ. ತಲೆಗಳು ಕಾಣಿಸುತ್ತವೆ. ಯಾರ ನೆತ್ತಿ ಬೋಳಾಗುತ್ತಿದೆ, ಯಾರು ಉಪಕರಣದ ಪೆಟ್ಟಿಗೆಯಲ್ಲಿ ಬಾಟಲಿ ಇಟ್ಟಿದ್ದಾರೆ, ಯಾರು ಯಾರ ಬಳಿ ನಿಂತು ಪಿಸುಗುಡುತ್ತಿದ್ದಾರೆ, ಎಲ್ಲವೂ ನನಗೆ ಗೊತ್ತು. ಕೆಳಗಿನವನು ಕೊಕ್ಕೆ ಸರಿಯಾಗಿ ಕೂತಿದೆ ಎಂದು ಕೈ ಬೀಸಿದರೂ ನಾನು ನಂಬುವುದಿಲ್ಲ. ಒಂದು ಗೇಣು ಎತ್ತುತ್ತೇನೆ, ನಿಲ್ಲಿಸುತ್ತೇನೆ, ಸರಪಳಿಯನ್ನು ಕಣ್ಣಾರೆ ನೋಡುತ್ತೇನೆ, ಆಮೇಲೆ ಮುಂದಿನದು. ನನ್ನ ಕೆಳಗೆ ಇಂದಿನವರೆಗೆ ಒಬ್ಬನ ಕಾಲ್ಬೆರಳೂ ಜಜ್ಜಿಲ್ಲವೆಂದರೆ ಅದಕ್ಕೆ ಕಾರಣ ನನ್ನ ಅನುಮಾನ.

ಆ ವಾರವೇ ಏಣಿಗೆ ಕೈ ಹಿಡಿಯಲು ಕಂಬಿ ಬಂತು. ನಾನು ವರ್ಷಗಟ್ಟಲೆ ಬೇಡಿದ್ದ ಕಂಬಿ. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಹಿಮದ ನೀರು ಹೆಪ್ಪುಗಟ್ಟುತ್ತದೆ, ಒಂದು ದಿನ ನನ್ನ ಹೆಣ ಎತ್ತಬೇಕಾಗುತ್ತದೆ ಎಂದು ಗಂಟಲು ಹರಿದುಕೊಂಡಿದ್ದೆ. ಕಬ್ಬಿಣ ಇಲ್ಲ ಅಂದರು, ಬೆಸುಗೆಯವನಿಗೆ ಬಿಡುವಿಲ್ಲ ಅಂದರು. ಈಗ ಯಾರೂ ಕೇಳದೆಯೇ ಬೆಸುಗೆಯಾಗಿ, ಹಳದಿ ಬಣ್ಣವೂ ಬಳಿದು ನಿಂತಿತ್ತು. ನಾನು ಅದನ್ನು ಮುಟ್ಟದೆಯೇ ಹತ್ತಿದೆ.

ಹೆಂಗಸರ ಹಬ್ಬ ಹತ್ತಿರ ಬರುತ್ತಿದೆ, ಅದಕ್ಕಿರಬೇಕು ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಮಾರ್ಚ್ ಎಂಟರ ಹಬ್ಬಕ್ಕೆ ನಮ್ಮ ಶೆಡ್ಡಿನ ಗಂಡಸರು ತಾವೇ ದೊಡ್ಡ ಕೊಪ್ಪರಿಗೆಯಲ್ಲಿ ಪಲಾವು ಮಾಡುತ್ತಾರೆ, ನಮ್ಮನ್ನು ಕೂರಿಸಿ ಬಡಿಸುತ್ತಾರೆ, ಚಹಾ ಸುರಿದು ಕೊಡುತ್ತಾರೆ, ಒಬ್ಬೊಬ್ಬರಿಗೂ ಟ್ಯೂಲಿಪ್ ಹೂವು ಕೊಟ್ಟು ತಾಯಂದಿರೇ, ಅಕ್ಕಂದಿರೇ ಎಂದು ಭಾಷಣ ಬಿಗಿಯುತ್ತಾರೆ. ಮರುದಿನ ತಳ ಹತ್ತಿದ ಕೊಪ್ಪರಿಗೆ ತಿಕ್ಕುವವರು ಮಾತ್ರ ಕ್ಯಾಂಟೀನಿನ ಹೆಂಗಸರೇ. ಇರಲಿ. ಆದರೆ ಹಬ್ಬದ ಪ್ರೀತಿ ಹಬ್ಬದ ದಿನ ಉಕ್ಕುತ್ತದೆ, ವಾರ ಮೊದಲೇ ಕಬ್ಬಿಣದಲ್ಲಿ ಉಕ್ಕುವುದಿಲ್ಲ.

ಒಂದು ದಿನ ಊಟ ಮುಗಿಸಿ ಕ್ಯಾಬಿನ್ನಿಗೆ ಮರಳಿದರೆ ನನ್ನ ಕುರ್ಚಿ ಹಿಂದಕ್ಕೆ ಸರಿದಿತ್ತು. ನನ್ನ ಕಾಲು ಗಿಡ್ಡ. ಆ ಕುರ್ಚಿಯನ್ನು ಲಿವರಿಗೆ ಅಂಟಿಸಿದಂತೆ ಮುಂದಿಟ್ಟುಕೊಂಡಿರುತ್ತೇನೆ. ಯಾರೋ ಉದ್ದ ಕಾಲಿನವರು ಕೂತು ಎದ್ದು ಹೋಗಿದ್ದಾರೆ. ನನ್ನ ಕೈಯಾರೆ ಹೊಲಿದ ದಿಂಬು ಮಗುಚಿ ಬಿದ್ದಿತ್ತು. ಒಳಗೆಲ್ಲ ಗಂಡಸರ ಅಗ್ಗದ ಸೆಂಟಿನ ವಾಸನೆ. ನಮ್ಮ ಶೆಡ್ಡಿನಲ್ಲಿ ಸೆಂಟು ಹಾಕುವವರು ಯಾರೂ ಇಲ್ಲ, ಇಲ್ಲಿ ಎಲ್ಲರದೂ ಗ್ರೀಸಿನ ವಾಸನೆ.

ಕೆಳಗೆ ನೋಡಿದೆ. ಬಾಗಿಲ ಬಳಿ ಸಬಿತ್ ತನ್ನ ಅಕ್ಕನ ಮಗ ದೌರೆನ್‌ನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದ. ದೌರೆನ್ ಮೂವತ್ತು ದಾಟಿದ ಆಸಾಮಿ, ಒಂಟೆಯಂಥ ಕಾಲು. ಟ್ಯಾಕ್ಸಿ ಓಡಿಸಿದ, ಬಿಟ್ಟ. ಕುರಿ ವ್ಯಾಪಾರ ಮಾಡಿದ, ಬಿಟ್ಟ. ಇಬ್ಬರೂ ಒಟ್ಟಿಗೆ ಕತ್ತೆತ್ತಿ ನನ್ನ ಕ್ಯಾಬಿನ್ ಕಡೆ ನೋಡಿದರು. ಸಬಿತ್ ನನಗೆ ಕೈ ಬೀಸಿ ಹಲ್ಲು ಕಿರಿದ. ನನ್ನ ಮೈಯೆಲ್ಲ ಉರಿದುಹೋಯಿತು.

ದೌರೆನ್‌ನನ್ನು ಕಂಡರೆ ಸಬಿತ್‌ಗೆ ಪ್ರಾಣಸಂಕಟ ಎನ್ನುವುದು ಇಡೀ ಶೆಡ್ಡಿಗೆ ಗೊತ್ತು. ನಮ್ಮಲ್ಲಿ ಮನೆಮಗಳ ಮಕ್ಕಳನ್ನು ಜಿಯೆನ್ ಎನ್ನುತ್ತೇವೆ. ಜಿಯೆನ್ ತನ್ನ ತಾಯಿಯ ಕಡೆಯವರ ಹತ್ತಿರ, ಅಂದರೆ ನಗಾಶಿಗಳ ಹತ್ತಿರ, ಮೂರು ಸಲ ಏನು ಬೇಕಾದರೂ ಕೇಳಬಹುದು, ಇಲ್ಲ ಅನ್ನುವ ಹಾಗಿಲ್ಲ. ಇಲ್ಲವೆಂದವನ ಕೈ ಸಾಯುವತನಕ ನಡುಗುತ್ತದೆ ಎಂದು ಹಿರಿಯರು ಹೆದರಿಸಿಟ್ಟಿದ್ದಾರೆ. ದೌರೆನ್ ಆ ಹಕ್ಕನ್ನು ಕೊನೆಯ ಚೂರೂ ಬಿಡದೆ ಹಿಂಡಿಕೊಂಡಿದ್ದ. ಮೊದಲು ಸಬಿತ್‌ನ ಮೋಟಾರ್ ಸೈಕಲ್ ಹೋಯಿತು. ಆಮೇಲೆ ಅವನ ಬೇಟೆನಾಯಿ. ಕಳೆದ ಶರತ್ಕಾಲದಲ್ಲಿ ಅವನಪ್ಪನ ಬೆಳ್ಳಿ ಕಟ್ಟಿದ ಕುದುರೆ ಜೀನು. ಜೀನು ಹೋದ ಮರುದಿನ ಸಬಿತ್ ಸಕ್ಕರೆಮಿಠಾಯಿ ತಂದು ಶೆಡ್ಡಿಗೆಲ್ಲ ಹಂಚಿ, ಮೂರೂ ಮುಗಿದವು, ಇನ್ನು ನನ್ನ ಕೈ ನನ್ನದೇ ಎಂದು ಕುಣಿದಾಡಿದ್ದ. ಹಾಗೆ ಕುಣಿದವನು ಈಗ ಅದೇ ದೌರೆನ್‌ನ ಹೆಗಲು ತಟ್ಟುತ್ತಿದ್ದಾನೆ. ಅವನ ಅಕ್ಕ ಅತ್ತು ಕರೆದು ಒಪ್ಪಿಸಿರಬೇಕು. ಹೇಗೂ ಕುಲ್ಯಾಷ್ ಮುದುಕಿಗೆ ಪಿಂಚಣಿಯ ವಯಸ್ಸು ದಾಟಿದೆಯಲ್ಲ, ಇಳಿಸಿದರೆ ಕೇಳುವವರು ಯಾರು.

ನನಗೆ ನನ್ನ ಕ್ಯಾಬಿನ್ ಬೇಕಿತ್ತು. ಸುಳ್ಳು ಹೇಳುವುದಿಲ್ಲ, ಮನೆಯಲ್ಲಿ ಕೂತರೆ ನಾನು ಗೋಡೆಯ ಜೊತೆ ಜಗಳ ಕಾಯುತ್ತೇನೆ. ಆದರೆ ಅದೊಂದೇ ಅಲ್ಲ. ನನ್ನ ನಂತರ ಆ ಕುರ್ಚಿಯಲ್ಲಿ ಕೂರಬೇಕಾದವಳು ಉಲ್ಬೋಸಿನ್. ಸಾಲಾಗಿ ಹೆಣ್ಣೇ ಹುಟ್ಟಿದ್ದಕ್ಕೆ ಬೇಸತ್ತು, ಮುಂದಿನದಾದರೂ ಗಂಡಾಗಲಿ ಎಂಬ ಅರ್ಥದ ಹೆಸರನ್ನು ಅಪ್ಪ ಅಮ್ಮ ಇವಳಿಗೆ ಇಟ್ಟಿದ್ದರು. ಅಂಥ ಹೆಸರು ಹೊತ್ತು ಓಡಾಡುವ ಹುಡುಗಿ. ಶೆಡ್ಡಿಗೆ ಬಂದು ಕೆಳಗೆ ಕೊಕ್ಕೆ ಹಾಕುವ ಕೆಲಸಕ್ಕೆ ಸೇರಿದವಳು, ಊಟದ ಬಿಡುವಿನಲ್ಲಿ ಏಣಿ ಹತ್ತಿ ಬಂದು ನನಗೂ ಕಲಿಸಿ ಎಂದಳು. ನಾನು ಬೈದು ಕಳಿಸಿದೆ. ಮರುದಿನವೂ ಬಂದಳು. ಕೊನೆಗೆ ನೀರು ತುಂಬಿದ ಬಕೆಟ್ಟನ್ನು ಕೊಕ್ಕೆಗೆ ನೇತುಹಾಕಿಸಿ, ಶೆಡ್ಡಿನ ಆ ತುದಿಗೆ ಒಯ್ಯಿ ನೋಡೋಣ ಎಂದೆ. ಮೊದಲ ದಿನ ಲೇತಿನವರೆಲ್ಲ ಸ್ನಾನ ಮಾಡಿದರು. ಈಗ ಒಂದು ಹನಿ ಚೆಲ್ಲುವುದಿಲ್ಲ. ವಸಂತ ಮುಗಿಯುವುದರೊಳಗೆ ಅವಳ ಪರೀಕ್ಷೆ. ಪರೀಕ್ಷೆಗೆ ಕಲಿಸಿದವರ ಸಹಿ ಬೇಕು. ನಾನು ಈಗ ಇಳಿದರೆ ಅವಳು ಜೀವಮಾನವಿಡೀ ಕೆಳಗೆ ನಿಂತು ಕೊಕ್ಕೆ ಹಾಕುತ್ತಲೇ ಇರಬೇಕು.

ನಾನು ಇವಳಿಗಾಗಿ ಸಂಕಟಪಡುತ್ತಿದ್ದರೆ ಇವಳು ಮಾಡಿದ್ದೇನು ಕೇಳಿ. ಒಂದು ಮಧ್ಯಾಹ್ನ ಗಾಲಿ ಇಳಿಸುತ್ತಾ ನೋಡುತ್ತೇನೆ, ಬಟ್ಟೆ ಬದಲಿಸುವ ಮೂಲೆಯಲ್ಲಿ ನನ್ನ ಕೋಟು ಉಲ್ಬೋಸಿನ್‌ಳ ಕೈಯಲ್ಲಿದೆ. ತೋಳಿನ ಉದ್ದವನ್ನು ಗೇಣಿನಿಂದ ಅಳೆಯುತ್ತಿದ್ದಾಳೆ, ಬೆನ್ನಿನ ಅಗಲವನ್ನೂ ಅಳೆದಳು. ಆಮೇಲೆ ಸಬಿತ್ ಬಂದ, ಇವಳು ಅವನ ಕಿವಿಯಲ್ಲಿ ಏನೋ ಹೇಳಿದಳು, ಅವನು ನಕ್ಕು ತಲೆಯಾಡಿಸಿದ.

ನಮ್ಮ ಶೆಡ್ಡಿನಲ್ಲಿ ಅಳತೆ ತೆಗೆದು ಹೊಲಿಸುವುದು ಒಂದೇ ಬಟ್ಟೆ, ಚಪಾನ್. ಮಖಮಲ್ಲಿನ ನಿಲುವಂಗಿ, ಅಂಚಿಗೆ ಜರಿ. ಕುಲುಮೆಯ ಮುದುಕನಿಗೆ ಹೊದಿಸಿದರು, ಮರುದಿನದಿಂದ ಅವನು ಬರಲಿಲ್ಲ. ಬಣ್ಣ ಬಳಿಯುತ್ತಿದ್ದವಳಿಗೆ ಹೊದಿಸಿದರು, ಅವಳೂ ಬರಲಿಲ್ಲ. ಹೆಗಲ ಮೇಲೆ ಚಪಾನ್ ಬಿತ್ತೆಂದರೆ ನಿನ್ನ ಋಣ ಮುಗಿಯಿತು ಎಂದರ್ಥ. ಅದನ್ನು ಎಲ್ಲರೆದುರು ಬೇಡವೆನ್ನುವಂತಿಲ್ಲ, ಅದು ಹೊದಿಸಿದವರ ಮುಖಕ್ಕೆ ಉಗಿದಂತೆ. ಹೊದ್ದವರು ಎರಡೂ ಅಂಗೈ ತೆರೆದು ಬತಾ ಕೊಡಬೇಕು, ಅಂದರೆ ಆಶೀರ್ವಾದ. ಬತಾ ಮುಗಿದು ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರೆ ಅಲ್ಲಿಗೆ ತೀರ್ಮಾನವಾಯಿತು. ಆಮೇಲೆ ಯಾರೂ ಅದನ್ನು ಬದಲಿಸುವುದಿಲ್ಲ.

ಈ ಸಂಚಿನಲ್ಲಿ ಹುಡುಗಿಯೂ ಇದ್ದಾಳೆ. ಯೋಚಿಸಿದಷ್ಟೂ ಎಲ್ಲವೂ ಹೊಂದಿಕೆಯಾಗುತ್ತಾ ಹೋಯಿತು. ಅವಳು ಕೆಲಸಕ್ಕೆ ಸೇರಿದ ದಿನ ಸಬಿತ್ ಎಲ್ಲರನ್ನೂ ಕೇಳುವಂತೆ ಅವಳ ಕುಲ ಕೇಳಿದ್ದ. ಅವಳ ತಾಯಿ ತನ್ನದೇ ಕುಲದವಳೆಂದು ತಿಳಿದದ್ದೇ ತಡ, ಅಯ್ಯೋ ನೀನು ನನಗೆ ಜಿಯೆನ್ ಆಗಬೇಕು ಎಂದು ನಗೆಯಾಡಿದ. ಅವಳೂ ಅವನನ್ನು ನಗಾಶಿ, ನಗಾಶಿ ಎಂದು ಕರೆದು ಚುಡಾಯಿಸತೊಡಗಿದಳು. ಅದನ್ನು ನಾನು ಬರೀ ತಮಾಷೆ ಎಂದುಕೊಂಡಿದ್ದೆ. ಈಗ ಅನಿಸಿತು, ರಕ್ತ ರಕ್ತದ ಕಡೆಗೇ ಹರಿದಿದೆ. ದೌರೆನ್‌ಗೆ ಕ್ರೇನ್ ಸಿಕ್ಕರೆ ಇವಳಿಗೂ ಏನೋ ಸಿಗುತ್ತದೆ. ಆಫೀಸಿನಲ್ಲಿ ಬೆಚ್ಚಗಿನ ಕುರ್ಚಿಯೇ ಇರಬಹುದು.

ಮರುದಿನದಿಂದ ಅವಳನ್ನು ಮೇಲೆ ಕರೆಯಲಿಲ್ಲ. ಊಟದ ಬಿಡುವಿನಲ್ಲಿ ಅವಳು ಏಣಿಯ ಬುಡಕ್ಕೆ ಬಂದು ನಿಂತು ಮೇಲೆ ನೋಡುತ್ತಿದ್ದಳು. ನಾನು ಕಿಟಕಿಗೆ ಬೆನ್ನು ಹಾಕಿ ರೊಟ್ಟಿ ಜಗಿಯುತ್ತಿದ್ದೆ. ಒಂದು ದಿನ ಹತ್ತಿಯೇ ಬಂದಳು. ಅರ್ಧ ಏಣಿಯಲ್ಲಿ ನಿಂತು, ಅಪಾ, ನನ್ನಿಂದ ತಪ್ಪೇನಾದರೂ ಆಯಿತಾ ಎಂದು ಕೇಳಿದಳು.

"ತಪ್ಪು ಏನು ಬಂತು? ನಿಂಗೆ ಕೆಳಗೆ ತುಂಬ ಜನ ಇದಾರಲ್ಲ, ಅವರ ಹತ್ರನೇ ಕಲ್ತ್ಕೋ" ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ಕೆಳಗೆ ಸಬಿತ್ ನಿಂತಿದ್ದನ್ನು ನೋಡಿದಳು. ಬಾಯಿ ಮುಚ್ಚಿಕೊಂಡು ಇಳಿದು ಹೋದಳು. ಇಳಿಯುವಾಗ ಆ ಹಳದಿ ಕಂಬಿಯನ್ನು ಹಿಡಿದುಕೊಂಡೇ ಇಳಿದಳು, ಅದೂ ನನ್ನ ಕಣ್ಣಿಗೆ ಚುಚ್ಚಿತು.

ಕುಲುಮೆಯ ಬಳಿ ಈಗ ಕೆಲಸ ಮಾಡುವ ತೊಲೆಗೆನ್ ನನಗೆ ಹಳೆಯ ಸ್ನೇಹಿತ, ಶೆಡ್ಡಿನಲ್ಲಿ ನನಗಿಂತ ಹಿರಿಯ ಅವನೊಬ್ಬನೇ. ಅವನನ್ನು ಹಿಡಿದು, ಏನು ನಡೀತಿದೆ ಬಾಯಿ ಬಿಡು ಎಂದೆ. ಅವನು ಮೀಸೆ ತಿರುವುತ್ತಾ, ಹಬ್ಬ ಅಲ್ಲವೇ ಕುಲ್ಯಾಷ್, ಹಬ್ಬದ ದಿನ ನೋಡುವೆಯಂತೆ ಎಂದು ಜಾರಿಕೊಂಡ. ಗಂಡಸು ಗಂಡಸೇ ಎಂದು ಅವನ ಹೆಸರನ್ನೂ ನನ್ನ ಮನಸ್ಸಿನ ಕೆಟ್ಟವರ ಸಾಲಿಗೆ ಸೇರಿಸಿದೆ. ಒಂದು ಮನಸ್ಸು ಹಬ್ಬದ ದಿನ ಹೋಗುವುದೇ ಬೇಡ ಎಂದಿತು. ಆದರೆ ನಾನು ಇಲ್ಲದಿದ್ದರೆ ಚಪಾನನ್ನು ಮನೆಗೇ ತಂದು ಹೊದಿಸುತ್ತಾರೆ, ನೆರೆಹೊರೆಯವರೆದುರು ಇನ್ನಷ್ಟು ಅವಮಾನ. ಹೋದೆ. ಒಳ್ಳೆಯ ಉಡುಪು ಹಾಕಿ, ಅತ್ತೆ ಕೊಟ್ಟ ಬೆಳ್ಳಿಯ ಓಲೆ ಇಟ್ಟುಕೊಂಡು, ಜಗಳಕ್ಕೆ ಹೋದ ಹಾಗೆ ಹೋದೆ.

ಲೇತಿನ ಪಕ್ಕದ ಜಾಗವನ್ನು ಗುಡಿಸಿ ಹಲಗೆ ಜೋಡಿಸಿ ಮೇಜು ಮಾಡಿದ್ದರು. ಮೇಲೆ ಹೂವಿನ ಬಟ್ಟೆ ಹಾಸಿತ್ತು. ಗಂಡಸರು ಏಪ್ರನ್ ಕಟ್ಟಿಕೊಂಡು ಓಡಾಡುತ್ತಿದ್ದರು, ಕೊಪ್ಪರಿಗೆಯಿಂದ ಕ್ಯಾರೆಟ್ಟು, ಕುರಿಮಾಂಸದ ಘಮ ಏಳುತ್ತಿತ್ತು. ಸ್ಟೋರಿನ ಹೆಂಗಸರು, ಕ್ಯಾಂಟೀನಿನವರು ಆಗಲೇ ಕೂತು ಹರಟುತ್ತಿದ್ದರು. ನನ್ನನ್ನು ಮೇಜಿನ ತಲೆಯಲ್ಲಿ, ಬಾಗಿಲಿಗೆ ದೂರವಾದ ಗೌರವದ ಜಾಗದಲ್ಲಿ ಕೂರಿಸಿದರು. ಉಲ್ಬೋಸಿನ್ ಕರೆಯದೆಯೇ ಬಂದು ನನ್ನ ಪಕ್ಕದಲ್ಲಿ ಕೂತಳು. ನಾನು ಶಾಲನ್ನು ಅವಳ ಕಡೆಯಿಂದ ಎಳೆದುಕೊಂಡೆ.

ಚಹಾ ಸುರಿಯಲು ದೌರೆನ್ ನಿಂತಿದ್ದ. ಶೆಡ್ಡಿನವನೇ ಅಲ್ಲದವನು ನಮ್ಮ ಹಬ್ಬದಲ್ಲಿ ಚಹಾ ಸುರಿಯುತ್ತಿದ್ದಾನೆ ಎಂದರೆ ಲೆಕ್ಕ ಹಾಕಿ. ನನ್ನ ಬಟ್ಟಲನ್ನು ಕಂಠಮಟ್ಟ ತುಂಬಿಸಿ ಕೊಟ್ಟ. ನಮ್ಮಲ್ಲಿ ಬೇಕಾದವರಿಗೆ ತಳ ಮುಚ್ಚುವಷ್ಟೇ ಸುರಿಯುತ್ತಾರೆ, ಮತ್ತೆ ಮತ್ತೆ ಸುರಿಯುತ್ತಾ ಮಾತಾಡಿಸುತ್ತಾರೆ. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೊರಡು ಎಂದು. ಅವನಿಗೆ ಸುರಿಯಲು ಬರುವುದಿಲ್ಲವೋ, ಬೇಕೆಂದೇ ಸುರಿದನೋ, ನನಗಂತೂ ಬೇಕೆಂದೇ ಅನಿಸಿತು. ನಾನು ಆ ಬಟ್ಟಲನ್ನೇ ದಿಟ್ಟಿಸುತ್ತಿದ್ದಾಗ ಉಲ್ಬೋಸಿನ್ ಕೈ ಚಾಚಿ ಅದನ್ನೆತ್ತಿ, ಅರ್ಧಕ್ಕಿಂತ ಹೆಚ್ಚು ತನ್ನ ಬಟ್ಟಲಿಗೆ ಸುರಿದುಕೊಂಡು, ಉಳಿದದ್ದನ್ನು ನನ್ನ ಮುಂದಿಟ್ಟಳು. ನನ್ನ ಚಹಾದಲ್ಲೂ ಪಾಲು ಬೇಕೇ ಇವಳಿಗೆ ಎಂದುಕೊಂಡೆ.

ಪಲಾವು ಮುಗಿಯಿತು. ಸಬಿತ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಹೆಣ್ಣು ಮನೆಯ ಬೆಳಕು, ಹೆಣ್ಣು ಶೆಡ್ಡಿನ ಬೆಳಕು ಎಂದೆಲ್ಲ ಹೇಳಿ, ಕೊನೆಗೆ ನನ್ನ ಹೆಸರಿಗೆ ಬಂದ. ನಾನಿಲ್ಲದೆ ಈ ಶೆಡ್ಡಿನಲ್ಲಿ ಒಂದು ಗಾಲಿಯೂ ಉರುಳುತ್ತಿರಲಿಲ್ಲವಂತೆ. ತಮಗೆಲ್ಲ ನಾನು ತಾಯಿಯಂತೆ. ಅವನ ಹಿಂದಿನಿಂದ ದೌರೆನ್ ದೊಡ್ಡ ಗಂಟು ತಂದ. ಬಿಚ್ಚಿದರೆ ಕಡುನೀಲಿ ಮಖಮಲ್ಲಿನ ಚಪಾನ್. ಜರಿಯ ಟಗರುಕೊಂಬಿನ ಬಳ್ಳಿ ಅಂಚಿನುದ್ದಕ್ಕೂ ಹರಿದಿತ್ತು. ಸುಂದರವಾಗಿತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಹೊದಿಸಿದರು. ಹೆಗಲಿಗೆ ಸರಿಯಾಗಿ ಕೂತಿತು, ತೋಳು ಮಣಿಕಟ್ಟಿಗೇ ನಿಂತಿತು. ಅಳೆದವಳ ಕೈಚಳಕ.

"ಅಪಾ, ಸಾಕು ನೀವು ದುಡಿದಿದ್ದು. ಇನ್ಮೇಲೆ ಮೊಮ್ಮಕ್ಕಳ ಜೊತೆ ಆರಾಮಾಗಿರಿ. ಕ್ರೇನ್ ಚಿಂತೆ ಬಿಡಿ, ಅದನ್ನ ನೋಡ್ಕೊಳ್ಳೋಕೆ ನಮ್ಮ ದೌರೆನ್ ಬಂದಿದಾನೆ. ಈಗ ನಮಗೆಲ್ಲ ನಿಮ್ಮ ಬತಾ ಕೊಡಿ" ಎಂದ ಸಬಿತ್.

ಚಪ್ಪಾಳೆ ಬಿತ್ತು. ಹೆಂಗಸರು ಕಣ್ಣೊರೆಸಿಕೊಂಡರು, ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಎಲ್ಲರ ಅಂಗೈಗಳೂ ಎದೆಯ ಮುಂದೆ ತೆರೆದುಕೊಂಡವು. ಗ್ರೀಸು ಮೆತ್ತಿದ ಅಂಗೈಗಳು, ಸುಟ್ಟ ಅಂಗೈಗಳು, ಹಿಟ್ಟಿನ ಅಂಗೈಗಳು, ಎಲ್ಲವೂ ನನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದವು. ನಾನೂ ಅಂಗೈ ತೆರೆದೆ. ತೆರೆಯದೆ ಏನು ಮಾಡಲಿ? ಇಷ್ಟು ವರ್ಷ ಯಾರಿಗೂ ಹೆದರದೆ ಮಾತಾಡಿದವಳು, ಅವತ್ತು ಒಂದು ಮಾತು ಹೊರಬರಲಿಲ್ಲ.

ಆಗ ಪಕ್ಕದಲ್ಲಿ ಉಲ್ಬೋಸಿನ್ ಎದ್ದು ನಿಂತಳು.

"ನಗಾಶಿ, ಬತಾ ಆಗೋ ಮುಂಚೆ ನಂದೊಂದು ಮಾತಿದೆ. ನಾನು ನಿಮಗೆ ಜಿಯೆನ್ ಹೌದೋ ಅಲ್ವೋ?"

ಸಬಿತ್ ನಕ್ಕ. "ಹೌದಮ್ಮಾ, ಈ ಶೆಡ್ಡಿನ ಇಲಿಗೂ ಗೊತ್ತು ಅದು. ಈಗೇನು?"

"ಇಲ್ಲೀವರೆಗೆ ನಿಮ್ಮ ಹತ್ರ ನಾನು ಏನಾದ್ರೂ ತಗೊಂಡಿದೀನಾ?"

ತಗೊಂಡಿಲ್ಲ ಎಂದ ಸಬಿತ್. ಅವನ ನಗು ಸ್ವಲ್ಪ ಸಣ್ಣಗಾಯಿತು.

"ಹಂಗಾದ್ರೆ ಮೂರೂ ಹಂಗೇ ಇವೆ. ಇವತ್ತು ಒಂದು ತಗೋತೀನಿ."

ನನಗೆ ಎಲ್ಲವೂ ಹೊಳೆಯಿತು. ಕ್ರೇನ್ ಕೇಳುತ್ತಾಳೆ. ಸೆಂಟು ಹಾಕಿದವನೂ ಬೇಡ, ಮುದುಕಿಯೂ ಬೇಡ, ಕುರ್ಚಿ ತನಗೇ ಬೇಕೆನ್ನುತ್ತಾಳೆ. ಇದಕ್ಕೆ ಅಷ್ಟು ದಿನ ಕೋಟು ಅಳೆದಳು, ಪಿಸುಗುಟ್ಟಿದಳು. ದೌರೆನ್‌ಗಿಂತ ಇವಳು ಕೂರಲಿ ಎಂಬುದು ನನ್ನದೇ ಆಸೆಯಾಗಿತ್ತು, ಆದರೂ ನನ್ನ ಬೆನ್ನ ಮೇಲೆ ಕಾಲಿಟ್ಟು ಹತ್ತುವುದನ್ನು ನೋಡುವುದು ನನ್ನಿಂದಾಗಲಿಲ್ಲ. ಅಳು ಬಂತು, ನುಂಗಿಕೊಂಡೆ.

"ಬೇರೆ ಜಿಯೆನ್‌ಗಳು ಕುದುರೆ ತಗೋತಾರೆ, ನಾಯಿ ತಗೋತಾರೆ" ಎಂದಳು ಉಲ್ಬೋಸಿನ್. "ನಂಗೆ ಅವೆಲ್ಲ ಬೇಡ. ನಂಗೆ ಕುಲ್ಯಾಷ್ ಅಪಾ ಬೇಕು. ಮನೇಲಲ್ಲ, ಮೇಲೆ ಕ್ಯಾಬಿನ್ನಲ್ಲಿ ಬೇಕು. ನಂಗೆ ಪೂರ್ತಿ ಕಲಿಸಿ, ಆಮೇಲೆ ಅವರಾಗೇ ಇಳೀತೀನಿ ಅನ್ನೋವರೆಗೂ ಅವರು ನನ್ನೋರು. ಕೊಡಿ."

ತೆರೆದ ಅಂಗೈಗಳು ಹಾಗೇ ಇದ್ದವು, ಮುಚ್ಚಬೇಕೋ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ. ಹುಡುಗಿ ತನ್ನ ಹಕ್ಕನ್ನು ಖರ್ಚು ಮಾಡಿದ್ದು ಕುರ್ಚಿಗಲ್ಲ, ನನಗೆ. ನಾನು ಅವಳ ಮಾತನ್ನೂ ನನ್ನ ಅಭ್ಯಾಸದಂತೆ ಒಂದು ಗೇಣು ಎತ್ತಿ ನೋಡಿದೆ. ಎಲ್ಲೂ ಜಾರಲಿಲ್ಲ.

ಮೊದಲು ಬಾಯಿ ಬಿಟ್ಟವನು ದೌರೆನ್. ಇದೆಲ್ಲ ಗಂಡು ಜಿಯೆನ್‌ಗಳಿಗೆ ಇರುವ ಪದ್ಧತಿ, ಹೆಣ್ಣುಮಕ್ಕಳು ಕೇಳುವುದು ಎಲ್ಲಾದರೂ ಉಂಟೇ, ಅದೂ ಒಡಹುಟ್ಟಿದ ಅಕ್ಕನ ಮಗ ನಾನಿರುವಾಗ, ಮೊದಲು ಕೇಳಿದವನೂ ನಾನೇ ಎಂದು ಚಹಾದ ಕೆಟಲ್ ಹಿಡಿದುಕೊಂಡೇ ವಾದ ಹೂಡಿದ.

ತೊಲೆಗೆನ್ ಮೇಜಿನ ಆ ತುದಿಯಿಂದ ಮೀಸೆ ತಿರುವಿದ.

"ಜಿಯೆನ್ ಅಂದ್ರೆ ಜಿಯೆನ್ ಕಣಯ್ಯ, ಅದಕ್ಕೇನು ಲಂಗ ಪ್ಯಾಂಟು ಅಂತ ಇದ್ಯಾ? ಇನ್ನು ನಿನ್ನ ವಿಷಯ. ಮೋಟಾರ್ ಸೈಕಲ್ ತಗೊಂಡೆ. ನಾಯಿ ತಗೊಂಡೆ. ಜೀನು ತಗೊಂಡೆ. ನಿಂದು ಮುಗೀತಲ್ಲ! ಇನ್ನು ನನ್ನ ಕೈ ನಂದೇ ಅಂತ ನಿನ್ನ ಮಾವ ಇಲ್ಲೇ ಮಿಠಾಯಿ ಹಂಚಿದಾನೆ, ನಾನೇ ಎರಡು ತಿಂದಿದೀನಿ."

ಕ್ಯಾಂಟೀನಿನ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು, ನಾನೂ ತಿಂದಿದ್ದೆ ಎಂದಳು. ಆಮೇಲೆ ನಗು ಮೇಜಿನುದ್ದಕ್ಕೂ ಹರಡಿತು. ಸಬಿತ್ ನಗಲಿಲ್ಲ. ಅವನು ತನ್ನ ಕೈಗಳನ್ನು ನೋಡಿಕೊಂಡ. ಬೆರಳುಗಳನ್ನು ಒಮ್ಮೆ ಮಡಿಸಿ ಬಿಡಿಸಿದ. ಅಷ್ಟು ಜನರೆದುರು ಜಿಯೆನ್‌ಗೆ ಇಲ್ಲವೆಂದವನು ಎಂಬ ಹೆಸರು ಹೊತ್ತುಕೊಂಡು ತನ್ನ ಊರಿಗೆ ಹೇಗೆ ಹೋಗುತ್ತಾನೆ? ಅತ್ತ ಅಕ್ಕನ ಕಣ್ಣೀರು, ಇತ್ತ ಇಡೀ ಕುಲದ ನಾಲಿಗೆ.

"ತಗೋಮ್ಮಾ ಜಿಯೆನ್" ಎಂದ ಕೊನೆಗೆ. "ನಿಂದೇ. ಜೋಪಾನ, ಒದೆಯೋ ಕುದುರೆ ಅದು."

ಚಪ್ಪಾಳೆ ಈ ಸಲ ಸೂರು ಹಾರುವಂತೆ ಬಿತ್ತು. ಎಲ್ಲರೂ ಮತ್ತೆ ನನ್ನ ಕಡೆ ತಿರುಗಿ ಅಂಗೈ ಸರಿಮಾಡಿಕೊಂಡರು. ಬತಾ ಬಾಕಿ ಇತ್ತು. ಈಗ ನನಗೆ ಮಾತು ಬಂತು. ನಾನು ಶೆಡ್ಡಿಗೆ, ಸಬಿತ್‌ಗೆ, ಯಾರಿಗೂ ಏನೂ ಬೇಡಲಿಲ್ಲ. ಉಲ್ಬೋಸಿನ್‌ಳ ಕಡೆ ನೋಡಿದೆ, ಅವಳು ತಲೆ ತಗ್ಗಿಸಿ ಅಂಗೈ ತೆರೆದು ಕೂತಿದ್ದಳು.

"ಈ ಹುಡುಗಿಯ ಕೈ ಯಾವತ್ತೂ ನಡುಗದಿರಲಿ" ಎಂದೆ.

ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರು. ದೌರೆನ್ ಕೂಡ ಸವರಿಕೊಂಡ, ಬೇರೆ ದಾರಿ ಇರಲಿಲ್ಲ.

ಹಬ್ಬ ಮುಗಿದ ಮೇಲೆ ಅವಳನ್ನು ಏಣಿಯ ಬುಡದಲ್ಲಿ ಹಿಡಿದೆ. ಕೋಟು ಅಳೆದದ್ದು ಯಾಕೆ, ಸಬಿತ್ ಕಿವಿಯಲ್ಲಿ ಊದಿದ್ದು ಏನು, ಎಲ್ಲ ಹೇಳು ಎಂದೆ. ಹಬ್ಬದ ಉಡುಗೊರೆಗೆ ಅಪಾನ ಅಳತೆ ಬೇಕು ಎಂದು ಸಬಿತ್ ಕೇಳಿದ್ದನಂತೆ, ಕಿವಿಯಲ್ಲಿ ಹೇಳಿದ್ದು ಆ ಅಳತೆಯನ್ನೇ ಅಂತೆ. ಅಳೆಯುವಾಗಲೇ ಅವಳಿಗೆ ಚಪಾನಿನ ವಾಸನೆ ಹೊಡೆದಿತ್ತು. ಕೊಡುವುದಿಲ್ಲ ಎಂದರೆ ಬೇರೆಯವರಿಂದ ಅಳೆಸುತ್ತಾನೆ, ಕೊಟ್ಟರೆ ಯಾವ ದಿನ ಏನು ಮಾಡುತ್ತಾನೆ ಎಂದಾದರೂ ತಿಳಿಯುತ್ತದೆ ಎಂದುಕೊಂಡಳಂತೆ.

"ನಂಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನೀವು ಅವತ್ತೇ ಇಳಿದು ಬಂದು ಅವರ ಕಾಲರ್ ಹಿಡೀತಿದ್ರಿ ಅಪಾ. ನೋಡ್ರಪ್ಪಾ, ಅಪಾಗೆ ತಲೆ ನೆಟ್ಟಗಿಲ್ಲ, ಕ್ರೇನ್ ಕೊಡೋ ಹಂಗಿಲ್ಲ ಅಂತಿದ್ರು ಅವರು. ಅದಕ್ಕೇ ಎಲ್ಲರ ಮುಂದೆ ಕೇಳೋವರೆಗೂ ಬಾಯಿ ಮುಚ್ಕೊಂಡಿದ್ದೆ."

ಹಿಡಿಯುತ್ತಿದ್ದೆ. ಅದು ನಿಜ. ಅವಳ ಕೆನ್ನೆ ಹಿಂಡಿ, ಇಷ್ಟು ದಿನ ನಿನ್ನನ್ನು ಮೇಲೆ ಕರೆಯಲಿಲ್ಲವಲ್ಲ, ಬೇಜಾರಾಯಿತೇ ಎಂದೆ. ತುಂಬ ಆಯಿತು ಎಂದಳು, ಮುಚ್ಚುಮರೆ ಇಲ್ಲದೆ. ನನಗೂ ತುಂಬ ಆಗಿತ್ತು ಎಂದೆ.

ಮರುದಿನ ಶೆಡ್ಡಿನಲ್ಲಿ ಕೊರೆಯುವ ಚಳಿ. ನಾನು ಚಪಾನ್ ಹೊದ್ದೇ ಕೆಲಸಕ್ಕೆ ಹೋದೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ನುಸಿಗೆ ತಿನ್ನಿಸುವುದೇಕೆ, ಕ್ಯಾಬಿನ್ನಿನ ಕಿಟಕಿಯ ಸಂದಿಯಲ್ಲಿ ಗಾಳಿ ಬರುತ್ತದೆ. ಒಳಮಗ್ಗುಲನ್ನು ಮನೆಯಲ್ಲೇ ಒಮ್ಮೆ ತಡವಿ ನೋಡಿದ್ದೆ, ಹೊಲಿಗೆ ಗಟ್ಟಿ, ಹತ್ತಿ ಒಳ್ಳೆಯದು, ಅಷ್ಟು ಮಾತ್ರ ಒಪ್ಪಿಕೊಳ್ಳಬೇಕು. ಹಳದಿ ಕಂಬಿ ಹಿಡಿದುಕೊಂಡು ಹತ್ತಿದೆ, ಮಂಡಿಗೆ ನಿಜಕ್ಕೂ ಹಗುರವಾಯಿತು. ಸಬಿತ್ ಕೆಳಗಿನಿಂದ ನೋಡುತ್ತಿದ್ದ, ನಾನು ಅವನಿಗೆ ಕೈ ಬೀಸಿದೆ.

ಕುರ್ಚಿಯಲ್ಲಿ ಉಲ್ಬೋಸಿನ್ ಕೂತಳು, ಅವಳ ಪಕ್ಕದ ಸ್ಟೂಲಿನ ಮೇಲೆ ನಾನು. ಉಲ್ಬೋಸಿನ್ ಮೇಲೆ ಬಂದಿದ್ದರಿಂದ ಕೆಳಗೆ ಕೊಕ್ಕೆ ಹಾಕಲು ಒಬ್ಬರು ಬೇಕಾಗಿತ್ತು. ಆ ಕೆಲಸಕ್ಕೆ ಸಬಿತ್ ದೌರೆನ್‌ನನ್ನು ನಿಲ್ಲಿಸಿದ್ದ, ಅಕ್ಕನ ಮುಂದೆ ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದಿರಬೇಕು. ದೌರೆನ್ ಗಾಲಿಜೋಡಿಗೆ ಸರಪಳಿ ಸುತ್ತಿ, ಕೊಕ್ಕೆ ಕೂರಿಸಿ, ಎಲ್ಲ ಸರಿಯಾಗಿದೆ ಎಂದು ದೊಡ್ಡದಾಗಿ ಕೈ ಬೀಸಿದ.

ಉಲ್ಬೋಸಿನ್ ಒಂದು ಗೇಣು ಎತ್ತಿದಳು. ನಿಲ್ಲಿಸಿದಳು. ಕಿಟಕಿಗೆ ಬಾಗಿ ಸರಪಳಿಯನ್ನು ಎರಡೂ ಕಡೆಯಿಂದ ನೋಡಿದಳು.

"ಏನೇ, ಅನುಮಾನನಾ?" ಎಂದೆ.

"ಹೂಂ ಅಪಾ" ಎಂದಳು. ಗಾಲಿಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಇನ್ನೊಮ್ಮೆ ಕಟ್ಟು ಎಂದು ಕೆಳಗೆ ಸನ್ನೆ ಮಾಡಿದಳು. ದೌರೆನ್ ಗೊಣಗುತ್ತಾ ಬಗ್ಗಿ ಸರಪಳಿ ಬಿಚ್ಚತೊಡಗಿದ.